ಇಂಗ್ಲೆಂಡಿನ ಕ್ಲಬ್ಬಿಗೆ ನಾನೇ ಧಣಿ

ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ಬೊಂದರ ಮಾಜಿ ಮಾಲೀಕರು ಬೆಂಗಳೂರಿನಲ್ಲಿ ಇದ್ದಾರೆಯೇ ಎಂದು ಯಾರಾದರೂ ಕೇಳಿದರೆ ಧೈರ್ಯವಾಗಿ ನನ್ನ ಕಡೆ ಕೈ ತೋರಿಸಿ. ಬನಶಂಕರಿ ಮೂರನೇ ಹಂತದಲ್ಲಿ ಎರಡು ಕೋಣೆಯ ಫ್ಲ್ಯಾಟು, ಅದರ ಮೇಲೆ ಬ್ಯಾಂಕಿನ ಸಾಲ, ಕಿಕ್ ಹೊಡೆದರೂ ಹೊರಡದ ಸ್ಕೂಟರು, ಕೆಂಟ್ ಕೌಂಟಿಯಲ್ಲೊಂದು ಫುಟ್‌ಬಾಲ್ ಕ್ಲಬ್ಬು. 2008ರಲ್ಲಿ ನನ್ನ ಚರಾಸ್ತಿ ಸ್ಥಿರಾಸ್ತಿಗಳ ಪಟ್ಟಿ ಇಷ್ಟಿತ್ತು.

ಆದದ್ದು ಹೀಗೆ. 2007ರಲ್ಲಿ ವಿಲ್ ಬ್ರೂಕ್ಸ್ ಎಂಬ ಮಾಜಿ ಪತ್ರಕರ್ತ ಇಂಟರ್‌ನೆಟ್ಟಿನಲ್ಲಿ ‘ಮೈಫುಟ್‌ಬಾಲ್‌ಕ್ಲಬ್’ ಎಂಬ ಯೋಜನೆ ಶುರು ಮಾಡಿದ. ಅಭಿಮಾನಿಗಳು ತಲೆಗೆ 35 ಪೌಂಡ್ ಹಾಕುವುದು, ಒಟ್ಟಾದ ದುಡ್ಡಿನಲ್ಲಿ ಒಂದು ಕ್ಲಬ್ಬು ಕೊಳ್ಳುವುದು, ಆಮೇಲೆ ಎಲ್ಲವೂ ಮತಕ್ಕೆ. ಒಬ್ಬರಿಗೆ ಒಂದೇ ಮತ. ಯಾರನ್ನು ಕೊಳ್ಳಬೇಕು, ಯಾರನ್ನು ಮಾರಬೇಕು, ಶನಿವಾರ ಯಾವ ಹನ್ನೊಂದು ಜನ ಕಣಕ್ಕಿಳಿಯಬೇಕು, ಎಲ್ಲ ನಾವೇ ತೀರ್ಮಾನಿಸುವುದು. 35 ಪೌಂಡ್ ಎಂದರೆ ಆಗಿನ ಲೆಕ್ಕದಲ್ಲಿ ಸುಮಾರು 2,800 ರೂಪಾಯಿ. ನಾನು ದಾವಣಗೆರೆಯಲ್ಲಿ ಓದುವಾಗ ಕಾಲೇಜು ತಂಡದ ಮೂರನೇ ಗೋಲ್‌ಕೀಪರ್ ಆಗಿದ್ದವನು. ಮೊದಲಿನ ಇಬ್ಬರಿಗೂ ಒಟ್ಟಿಗೆ ಕಾಮಾಲೆ ಬಂದ ವರ್ಷ ಕಾಲೇಜಿನವರು ತಂಡವನ್ನೇ ಕಳಿಸಲಿಲ್ಲ. ಇಂಥ ಅನುಭವಿ ಫುಟ್‌ಬಾಲಿನ ಆಡಳಿತದಿಂದ ದೂರ ಉಳಿಯುವುದು ಆಟಕ್ಕೇ ನಷ್ಟ ಎನ್ನಿಸಿ ಕ್ರೆಡಿಟ್ ಕಾರ್ಡ್ ತೆಗೆದೆ.

ಸಿಕ್ಕ ಕ್ಲಬ್ಬು ಎಬ್ಸ್‌ಫ್ಲೀಟ್ ಯುನೈಟೆಡ್. ಲಂಡನ್ನಿನ ಪೂರ್ವಕ್ಕೆ ನಾರ್ತ್‌ಫ್ಲೀಟ್ ಎಂಬ ಊರಿನಲ್ಲಿ ಸ್ಟೋನ್‌ಬ್ರಿಜ್ ರೋಡ್ ಎಂಬ ಮೈದಾನ. ಪ್ರೀಮಿಯರ್ ಲೀಗಿನಿಂದ ಮೆಟ್ಟಿಲಿಳಿಯುತ್ತಾ ಬಂದರೆ ಐದನೇ ಮೆಟ್ಟಿಲಲ್ಲಿ ಕೂತಿದ್ದ ತಂಡ. 2008ರ ಫೆಬ್ರುವರಿಯಲ್ಲಿ ವ್ಯವಹಾರ ಮುಗಿಯಿತು. 70ಕ್ಕೂ ಹೆಚ್ಚು ದೇಶಗಳ 27 ಸಾವಿರಕ್ಕೂ ಮಿಕ್ಕಿದ ಜನ ಸೇರಿ 6 ಲಕ್ಷ ಪೌಂಡ್‌ಗೂ ಮೇಲೆ ತೆತ್ತು ಮುಕ್ಕಾಲು ಪಾಲು ಕೊಂಡಿದ್ದೆವು. ನನ್ನ ಪಾಲಿಗೆ ಎಷ್ಟು ಬಂತೆಂದು ಕ್ಯಾಲ್ಕ್ಯುಲೇಟರಿನಲ್ಲಿ ಭಾಗಿಸಿ ನೋಡಿದೆ. ಗೋಲು ಬಲೆಯ ಒಂದು ಗಂಟು ಖಂಡಿತ ನನ್ನದೇ.

ಅದೇ ಚಳಿಗಾಲದಲ್ಲಿ ವಿಜಯ್ ಮಲ್ಯ 111.6 ಮಿಲಿಯನ್ ಡಾಲರ್ ಕೊಟ್ಟು ಬೆಂಗಳೂರಿನ ಐಪಿಎಲ್ ತಂಡ ಕೊಂಡಿದ್ದರು. ಆಫೀಸಿನ ಕ್ಯಾಂಟೀನಿನಲ್ಲಿ ಎಲ್ಲರೂ ಅದನ್ನೇ ಮಾತಾಡುತ್ತಿದ್ದಾಗ ನಾನು ಕಾಫಿ ಲೋಟ ಕೆಳಗಿಟ್ಟು, “ತಂಡ ನಡೆಸೋದು ಅಷ್ಟು ಸುಲಭ ಅಲ್ಲಪ್ಪ, ನಮ್ಮ ಕಷ್ಟ ನಮಗೇ ಗೊತ್ತು” ಎಂದೆ. ಮಲ್ಯರನ್ನೂ ನನ್ನನ್ನೂ ಸೇರಿಸಿ ‘ನಮ್ಮ’ ಎಂದದ್ದು ಯಾರ ಗಮನಕ್ಕೂ ಬರಲಿಲ್ಲ. ಆ ವರ್ಷ ಅವರ ತಂಡ ಎಂಟರಲ್ಲಿ ಏಳನೆಯದಾಯಿತು. ನನ್ನ ತಂಡದ ಕಥೆ ಮುಂದೆ ಹೇಳುತ್ತೇನೆ.

ಮನೆಯಲ್ಲಿ ಮಾತ್ರ ಈ ಧಣಿತನಕ್ಕೆ ತಕ್ಕ ಮರ್ಯಾದೆ ಸಿಗಲಿಲ್ಲ. ನನ್ನ ಮಾವನವರು ಗದಗಿನವರು, ಸಹಕಾರ ಇಲಾಖೆಯಲ್ಲಿ ಲೆಕ್ಕ ತಪಾಸಣೆ ಮಾಡಿ ನಿವೃತ್ತರಾದವರು. ಅವರ ಊರಿನ ಪಕ್ಕದ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದರು ಎಂಬುದನ್ನು ಅವರು ಮದುವೆ ಮಾತುಕತೆಯ ದಿನವೇ ನನಗೆ ತಿಳಿಸಿದ್ದರು. ಕ್ಲಬ್ಬಿನ ಸುದ್ದಿ ಕೇಳಿ ಕನ್ನಡಕ ಹಣೆಗೇರಿಸಿದರು.

“ಅಳಿಯಂದ್ರ, ಷೇರು ಪತ್ರ ಎಲ್ಲೈತಿ?”

“ಪತ್ರ ಇಲ್ಲ ಮಾವ. ಪಾಲು ಒಟ್ಟಾರೆ ಸಂಘದ ಹೆಸರಲ್ಲಿದೆ. ನಮ್ಮದು ಸದಸ್ಯತ್ವ.”

“ಡಿವಿಡೆಂಡು?”

“ಇಲ್ಲ.”

“ಬಿಟ್ಟರ ರೊಕ್ಕ ವಾಪಸ್ ಬರ್ತೈತೇನು?”

“ಇಲ್ಲ.”

“ಸಂಘದ ಹೆಸರು ಮೊದಲಿಂದ ಇದ ಐತೋ, ನಡಕ ಬದಲಾಗೈತೋ?”

ಈ ಪ್ರಶ್ನೆ ಎಲ್ಲಿಂದ ಹೊಳೆಯಿತೋ! ಕ್ಲಬ್ಬಿಗೆ 1946ರಿಂದ ಗ್ರೇವ್ಸೆಂಡ್ ಅಂಡ್ ನಾರ್ತ್‌ಫ್ಲೀಟ್ ಎಂದೇ ಹೆಸರಿತ್ತು. ಹೊಸ ರೈಲು ನಿಲ್ದಾಣ ಬರುತ್ತದೆಂದು 2007ರಲ್ಲಷ್ಟೇ ಎಬ್ಸ್‌ಫ್ಲೀಟ್ ಆಗಿತ್ತು. ಮೆಲ್ಲಗೆ ಹೇಳಿದೆ. ಮಾವ ಕನ್ನಡಕ ಕೆಳಗಿಳಿಸಿ, “ಹೆಸರು ಬದಲಿ ಮಾಡಿದ ಸಂಘದ ದಫ್ತರ ನಾ ಎರಡು ಸಲ ತಿರುವಿ ಹಾಕ್ತಿದ್ದೆ” ಎಂದು ಪೇಪರ್ ಓದಲು ಕೂತರು. ಹೆಂಡತಿ ಅಡುಗೆಮನೆಯಿಂದ, “ರೀ, ಅಲ್ಲಿ ಹೋದರ ಪುಕ್ಕಟ ಒಳಗ ಬಿಡ್ತಾರೇನು?” ಎಂದಳು. ಬಿಡುವುದಿಲ್ಲ, ಮಾಲೀಕನಾದರೂ ಟಿಕೆಟ್ ಕೊಳ್ಳಬೇಕು. ಅದಕ್ಕೆ ನಾನು ಉತ್ತರ ಕೊಡಲಿಲ್ಲ.

ಆದರೆ ದೇವರು ದೊಡ್ಡವನು. ನಾವು ಕೊಂಡ ಮೂರೇ ತಿಂಗಳಲ್ಲಿ ತಂಡ ಎಫ್‌ಎ ಟ್ರೋಫಿಯ ಫೈನಲ್ ತಲುಪಿತು. 2008ರ ಮೇ 10, ವೆಂಬ್ಲಿ ಕ್ರೀಡಾಂಗಣ, ಎದುರಾಳಿ ಟಾರ್ಕೀ ಯುನೈಟೆಡ್. ಅದೇ ಮೇ 10ರಂದು ಬೆಂಗಳೂರಿನಲ್ಲಿ ವಿಧಾನಸಭೆ ಚುನಾವಣೆಯ ಮೊದಲ ಹಂತದ ಮತದಾನ. “ನಡೀರಿ, ಓಟು ಹಾಕಿ ಬರೂಣು” ಎಂದು ಹೆಂಡತಿ ಬೆಳಿಗ್ಗೆಯಿಂದ ಕರೆದಳು. ಬಿಸಿಲಿತ್ತು, ಸರತಿ ಸಾಲು ಉದ್ದ ಇತ್ತು, ರಾತ್ರಿ ನನಗೆ ವೆಂಬ್ಲಿಯಲ್ಲಿ ಕೆಲಸವಿತ್ತು. ಮಧ್ಯಾಹ್ನ ಊಟ ಮಾಡಿ ಮಲಗಿದೆ. ಪ್ರಜಾಪ್ರಭುತ್ವಕ್ಕೆ ನಾನು ಸಲ್ಲಿಸಬೇಕಾದದ್ದನ್ನು ಪೌಂಡಿನಲ್ಲಿ ಸಲ್ಲಿಸಿ ಆಗಿತ್ತಲ್ಲ.

ಪಂದ್ಯವನ್ನು ನಮ್ಮ ಕೇಬಲ್ಲಿನವನು ತೋರಿಸುವ ಮಾತಿರಲಿಲ್ಲ. ಕಂಪ್ಯೂಟರಿನಲ್ಲಿ ಸಾಲು ಸಾಲಾಗಿ ಬರುವ ವರದಿಯೇ ಗತಿ. ಮೊಡೆಮ್ಮಿನ ಹಸಿರು ದೀಪ ಒಂದು ಸಲ ಮಿನುಗಿದರೆ ಒಂದು ಸಾಲು. ‘ಎಬ್ಸ್‌ಫ್ಲೀಟ್‌ಗೆ ಪೆನಾಲ್ಟಿ’ ಎಂದು ಬಂತು. ಅಲ್ಲಿಗೆ ದೀಪ ಕೆಂಪಾಯಿತು. ನಾನು ಎಫ್5 ಗುಂಡಿಯನ್ನು ಕುಟ್ಟುತ್ತಾ, ಹೊದಿಕೆ ತೆಗೆದು ಮೊಡೆಮ್ಮಿಗೆ ಗಾಳಿ ಹಾಕುತ್ತಾ, ಫೋನಿನ ವೈರನ್ನು ಕಿತ್ತು ಅಂಗಿಯ ತುದಿಯಿಂದ ಒರೆಸಿ ಮತ್ತೆ ಸಿಕ್ಕಿಸಿದೆ. ಹಸಿರಾಯಿತು. ನಮ್ಮ ಕ್ರಿಸ್ ಮೆಕ್‌ಫೀ ಪೆನಾಲ್ಟಿಯನ್ನು ಹಾಳು ಮಾಡಿಕೊಂಡಿದ್ದ. ತಲೆ ಮೇಲೆ ಕೈ ಹೊತ್ತು ಕೂತೆ. ಅರ್ಧ ಸಮಯಕ್ಕೆ ಸ್ವಲ್ಪ ಮುಂಚೆ ಅದೇ ಮೆಕ್‌ಫೀ ಗೋಲು ಹೊಡೆದ. ಕೊನೆಗೆ 1-0. ಸುಮಾರು 40 ಸಾವಿರ ಜನ ನೋಡಿದ ಪಂದ್ಯ, ಕ್ಲಬ್ಬು ಅದುವರೆಗೆ ಗೆಲ್ಲದಿದ್ದ ಟ್ರೋಫಿ. ನಾನು ಕೂಗಿದ ಕೂಗಿಗೆ ಮಹಡಿ ಮೇಲಿನವರು, “ಯಾರು ಗೆದ್ದರು ಸಾರ್, ಈಗಲೇ ಎಣಿಕೆ ಶುರುವಾಯ್ತಾ?” ಎಂದು ಇಳಿದು ಬಂದರು.

ಗೆದ್ದ ಮೇಲೆ ನನ್ನೊಳಗಿನ ಧಣಿ ಪೂರ್ತಿ ಎದ್ದು ಕೂತ. ಬೆಸ್ಕಾಂ ಬಿಲ್ಲಿನ ಹಿಂಭಾಗದಲ್ಲಿ ತಂಡ ರಚಿಸತೊಡಗಿದೆ. ನಾಲ್ಕು, ನಾಲ್ಕು, ಎರಡು. ಎಡ ಬ್ಯಾಕಿನ ಜಾಗಕ್ಕೆ ಯಾರನ್ನು ಆಡಿಸಬೇಕೆಂದು ಸಿಗ್ನಲ್ಲಿನಲ್ಲಿ, ಸ್ನಾನದ ಮನೆಯಲ್ಲಿ, ಮಗಳ ಶಾಲೆಯ ಪೋಷಕರ ಸಭೆಯಲ್ಲಿ ಯೋಚಿಸಿದೆ. ಆ ಹುಡುಗರಲ್ಲಿ ಒಬ್ಬನು ಓಡಿದ್ದನ್ನೂ ನಾನು ಕಣ್ಣಾರೆ ಕಂಡಿರಲಿಲ್ಲ, ಯಾರಿಗೆ ಎಡಗಾಲು ವಾಸಿ ಎಂಬುದೂ ತಿಳಿಯದು. ಮ್ಯಾನೇಜರ್ ಲಿಯಾಮ್ ಡೈಶ್ ಹಿಂದೆ ಐರ್ಲೆಂಡ್ ಪರ ಆಡಿದ ಡಿಫೆಂಡರ್. ಅವರು ದಿನಾ ಬೆಳಿಗ್ಗೆ ಮಳೆಯಲ್ಲಿ ನಿಂತು ಅದೇ ಹುಡುಗರನ್ನು ನೋಡುತ್ತಿದ್ದರು. ತಂಡದ ಆಯ್ಕೆ ಕೊನೆಯವರೆಗೂ ಅವರ ಕೈಯಲ್ಲೇ ಉಳಿಯಿತು, ಆಯ್ಕೆ ಮಾಡುವ ಆಮಿಷಕ್ಕೆ ದುಡ್ಡು ಕೊಟ್ಟವರಿಗೂ ಅದು ಸರಿಯೆನ್ನಿಸಿತ್ತು. ನನ್ನ ಎಡ ಬ್ಯಾಕು ಬೆಸ್ಕಾಂ ಬಿಲ್ಲಿನಲ್ಲೇ ನಿವೃತ್ತನಾದ.

ಬಜೆಟ್ಟಿಗೆ ಮತ ಹಾಕಿದೆ, ಓದದೆ. ಅದೇ ವರ್ಷ ಬೇಸಿಗೆಯ ಕೊನೆಗೆ ನಿಜವಾದ ಪರೀಕ್ಷೆ ಬಂತು. ನಮ್ಮ ಸ್ಟ್ರೈಕರ್ ಜಾನ್ ಅಕಿಂಡೆ, 19ರ ಹುಡುಗ. ಬ್ರಿಸ್ಟಲ್ ಸಿಟಿಯವರು ಅವನಿಗೆ 1 ಲಕ್ಷ 40 ಸಾವಿರ ಪೌಂಡ್ ಕೊಡುತ್ತೇವೆಂದರು. ಮಾರುವುದೋ ಬೇಡವೋ, ಸದಸ್ಯರು ಮತ ಹಾಕಬೇಕು. ಆಫೀಸಿನಲ್ಲಿ ಕ್ಲೈಂಟ್ ಕಾಲ್ ನಡೆಯುತ್ತಿರುವಾಗ ನಾನು ಒಬ್ಬ ಹುಡುಗನ ಹಣೆಬರಹದ ಮುಂದೆ ಮೌಸ್ ಹಿಡಿದು ಕೂತಿದ್ದೆ. ರಾತ್ರಿ ಹೆಂಡತಿಗೆ ಹೇಳಿದೆ.

“ಅವನವ್ವ ಅಪ್ಪ ಏನಂತಾರ?” ಎಂದಳು.

“ಅವರಿಗೆ ಮತ ಇಲ್ಲ.”

“ನಿಮಗೈತಿ?”

ಮಾರಿ ಎಂದು ಒತ್ತಿದೆ. ಬಹುಮತವೂ ಹಾಗೇ ಇತ್ತು, ಹುಡುಗ ಹೋದ. ಬಹಳ ವರ್ಷಗಳ ನಂತರ ಅವನು ಬಾರ್ನೆಟ್ ತಂಡಕ್ಕೆ ಒಂದೇ ಋತುವಿನಲ್ಲಿ 31 ಲೀಗ್ ಗೋಲು ಹೊಡೆದು ಅವರನ್ನು ಚಾಂಪಿಯನ್ ಮಾಡಿದ. ಅದೂ ನಮ್ಮದೇ ಐದನೇ ಮೆಟ್ಟಿಲಲ್ಲಿ.

2009ರ ಫೆಬ್ರುವರಿ ಬಂತು. ಸದಸ್ಯತ್ವ ನವೀಕರಿಸಿ ಎಂದು ಇಮೇಲು. ಮತ್ತೆ 35 ಪೌಂಡ್! ಧಣಿತನಕ್ಕೂ ವರ್ಷಾವಧಿ ಇರುತ್ತದೆಂದು ನಾನು ಎಣಿಸಿರಲಿಲ್ಲ. ಆರ್ಥಿಕ ಹಿಂಜರಿತ ಎಂದು ಹೇಳಿಕೊಳ್ಳೋಣವೆಂದರೆ ಪೌಂಡೇ ಬಿದ್ದು 70 ರೂಪಾಯಿಯ ಸುತ್ತ ಬಂದಿತ್ತು. ಹೋದ ವರ್ಷಕ್ಕಿಂತ ಅಗ್ಗ. ಟ್ರೋಫಿ ಗೆದ್ದಾಯಿತು, ಕ್ಯಾಂಟೀನಿನಲ್ಲಿ ಹೇಳಿ ಆಯಿತು, ಇನ್ನೇನು ಉಳಿದಿದೆ? ಇಮೇಲನ್ನು ‘ಆಮೇಲೆ’ ಎಂಬ ಫೋಲ್ಡರಿಗೆ ಸರಿಸಿದೆ. ಹಾಗೆ ಸರಿಸಿದವನು ನಾನೊಬ್ಬನೇ ಅಲ್ಲ. 27 ಸಾವಿರ ದಾಟಿದ್ದ ಧಣಿಗಳಲ್ಲಿ ಉಳಿದವರು ಸುಮಾರು 9 ಸಾವಿರ. ಆಟಗಾರರ ಸಂಬಳ ಮಾತ್ರ ಮೂರನೇ ಒಂದು ಆಗಲಿಲ್ಲ. 2010ರಲ್ಲಿ ತಂಡ ಆರನೇ ಮೆಟ್ಟಿಲಿಗೆ ಜಾರಿತು, ಮರುವರ್ಷ ಹತ್ತಿತು, 2013ರಲ್ಲಿ ಮತ್ತೆ ಜಾರಿತು. ಅದೇ ವರ್ಷ ಕುವೈತಿನ ಹೂಡಿಕೆದಾರರ ಕೆಇಎಚ್ ಸ್ಪೋರ್ಟ್ಸ್ ಎಂಬ ಕಂಪನಿ ಕ್ಲಬ್ಬು ಕೊಂಡಿತು.

ಮಾವನವರಿಗೆ ಈ ಸೋಲು ಸಹಿಸಲಾಗಲಿಲ್ಲ. ನನ್ನ ಸೋಲಲ್ಲ, ಸಹಕಾರ ತತ್ವದ್ದು. “ಮಂದಿ ಕೂಡಿ ನಡೆಸಿದ್ದು ಎಲ್ಲೂ ನಿಂತಿಲ್ಲೇನು?” ಎಂದು ಕೇಳಿದರು. ನಿಂತಿದೆ ಎಂದು ವಿಂಬಲ್ಡನ್ ಕಥೆ ಹೇಳಿದೆ. ಅವರ ಕ್ಲಬ್ಬನ್ನು ದೂರದ ಮಿಲ್ಟನ್ ಕೀನ್ಸ್‌ಗೆ ಎತ್ತಿಕೊಂಡು ಹೋಗಲು 2002ರ ಮೇನಲ್ಲಿ ಅನುಮತಿ ಸಿಕ್ಕಾಗ ಅಭಿಮಾನಿಗಳು ಅಳುತ್ತಾ ಕೂರಲಿಲ್ಲ. ಎಎಫ್‌ಸಿ ವಿಂಬಲ್ಡನ್ ಎಂಬ ಹೊಸ ಕ್ಲಬ್ಬು ಕಟ್ಟಿ, ಊರಿನ ಬಯಲಿನಲ್ಲಿ ಹುಡುಗರನ್ನು ಓಡಿಸಿ ನೋಡಿ ತಂಡ ಆರಿಸಿದರು. ಒಂಬತ್ತನೇ ಮೆಟ್ಟಿಲಿನಿಂದ ಶುರು ಮಾಡಿ 2011ಕ್ಕೆ ಫುಟ್‌ಬಾಲ್ ಲೀಗ್ ಸೇರಿದರು. ಎಕ್ಸೆಟರ್ ಸಿಟಿಯವರದ್ದೂ ಹೇಳಿದೆ. 2003ರಲ್ಲಿ ಮುಳುಗುತ್ತಿದ್ದ ಕ್ಲಬ್ಬನ್ನು ಅಭಿಮಾನಿಗಳ ಟ್ರಸ್ಟು ಸಾಲಸಮೇತ ಮೈಮೇಲೆ ಎಳೆದುಕೊಂಡಿತು. 2005ರ ಜನವರಿಯಲ್ಲಿ ಎಫ್‌ಎ ಕಪ್ಪಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ಡನ್ನು ಅವರದೇ ಓಲ್ಡ್ ಟ್ರಾಫರ್ಡ್‌ನಲ್ಲಿ 0-0ಗೆ ತಡೆದು, ಮರುಪಂದ್ಯದ ದುಡ್ಡನ್ನೂ ಸೇರಿಸಿ ಸಾಲ ತೀರಿಸಿಕೊಂಡಿತು.

ಮಾವ ತೊಡೆ ತಟ್ಟಿದರು. “ಅವರು ಧಣಿಗೋಳು! ಸಾಲ ತಮ್ಮದಂದ್ರು, ಊರಾಗ ಇದ್ರು, ವಾರಾ ವಾರಾ ಬಾಗಲಿಗೆ ಬಂದ್ರು. ನೀವು ಗಿರಾಕಿ, ಅಳಿಯಂದ್ರ. ಸಂಘ ಸಾಲದಿಂದ ಸಾಯೂದಿಲ್ಲ, ಸದಸ್ಯರು ಸಭಾಕ್ಕ ಬರದ್ದಕ್ಕ ಸಾಯ್ತೈತಿ.”

ಇದನ್ನು ಹೇಳಲು ಅವರು ಆರಿಸಿಕೊಂಡ ದಿನ ಭಾನುವಾರ. ಕೆಳಗೆ ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ನಮ್ಮ ಅಪಾರ್ಟ್‌ಮೆಂಟಿನ ಫ್ಲ್ಯಾಟ್ ಮಾಲೀಕರ ಸರ್ವಸದಸ್ಯರ ಸಭೆ ಕರೆದಿದ್ದರು. ಬೋರ್‌ವೆಲ್ ಬತ್ತಿದೆ, ಟ್ಯಾಂಕರಿನವನು ರೇಟು ಏರಿಸಿದ್ದಾನೆ, ಲಿಫ್ಟಿನ ಹಗ್ಗ ಬದಲಿಸಬೇಕು. ಕೋರಂ ಇಲ್ಲವೆಂದು ಕಾರ್ಯದರ್ಶಿಗಳು ಮೂರನೇ ಸಲ ಬೆಲ್ಲು ಒತ್ತಿದರು. ನಾನು ಬಚ್ಚಲಿನಲ್ಲಿದ್ದೇನೆಂದು ಮಗಳ ಕೈಲಿ ಹೇಳಿಸಿದೆ. ಸ್ವಂತ ಬಾವಿ ಬತ್ತಿದವನು ಸಭೆಗೆ ಹೋಗುವುದಿಲ್ಲವೆಂಬುದು ಮಾವನವರಿಗೆ ನಂಬಲಾಗಲಿಲ್ಲ. ಪ್ರಾಕ್ಸಿ ಫಾರಂ ಬಾಗಿಲ ಸಂದಿಯಿಂದ ನನ್ನ ಕೈಗೆ ತುರುಕಿ, ಸಹಿ ಹಾಕಿಸಿ, ಧೋತರದ ಚುಂಗು ಹಿಡಿದು ಕೆಳಗಿಳಿದರು.

ಎರಡು ಗಂಟೆ ಮೇಲೆ ಬರಲಿಲ್ಲ. ಹೋದ ವರ್ಷದ ಲೆಕ್ಕ ಕೇಳಿದರಂತೆ, ಡೀಸೆಲ್ಲಿನ ವೋಚರಿನಲ್ಲಿ ಕೂಡಿಸುವ ತಪ್ಪು ಹಿಡಿದರಂತೆ, ಖಜಾಂಚಿಗಳು ಕೈಮುಗಿದು ದಫ್ತರವನ್ನೇ ಅವರ ಮುಂದಿಟ್ಟರಂತೆ. ಊರಿಗೆ ಹೊರಡುವವರೆಗೆ ಪುಸ್ತಕ ಸರಿಮಾಡಿ ಕೊಡಲು ಮಾವ ಒಪ್ಪಿಕೊಂಡರು.

ಮರುದಿನ ಬೆಳಿಗ್ಗೆ ಲಿಫ್ಟಿನ ಪಕ್ಕದ ಬೋರ್ಡಿನಲ್ಲಿ ಒಂದು ಹಾಳೆ ಅಂಟಿತ್ತು. ಕೆಂಪು ಶಾಯಿಯ ಅಡಿಗೆರೆ, ಇಲಾಖೆಯ ದುಂಡು ಅಕ್ಷರ. ‘ನಿರ್ವಹಣಾ ಶುಲ್ಕ ಬಾಕಿ ಇರುವ ಮಾಲೀಕರು’ ಎಂಬ ತಲೆಬರಹದ ಕೆಳಗೆ ಮೊದಲ ಹೆಸರೇ ನನ್ನದು. ಹಾಲಿನವನು, ಪೇಪರಿನವನು, ಮಹಡಿ ಮೇಲಿನವರು ಎಲ್ಲ ನಿಂತು ಓದಿದರು. ಎಬ್ಸ್‌ಫ್ಲೀಟಿನವರು ಸಹ ನನ್ನನ್ನು ಹೀಗೆ ಹೆಸರು ಹಾಕಿ ಮಾಲೀಕ ಎಂದು ಸಾರಿರಲಿಲ್ಲ.

ಚೆಕ್ ಬರೆದು ಊಟದ ಮೇಜಿನ ಮೇಲಿಟ್ಟೆ. ಮಾವ ಮೊತ್ತ ನೋಡಿದರು, ತಾರೀಖು ನೋಡಿದರು, ರಸೀದಿ ಹರಿದು ಕೊಟ್ಟರು. ಆಮೇಲೆ ಪೆನ್ನಿನ ಮುಚ್ಚಳ ಹಾಕುತ್ತಾ ಕೇಳಿದರು:

“ಈಗ ಹೇಳ್ರಿ ಧಣಿ, ಎಡ ಬ್ಯಾಕಿಗೆ ಯಾರನ್ನ ಆಡಸೂಣು?”