ಜಸ್ಟಿಸ್ ಸದರ್ಲೆಂಡ್ ಅವರ ಸನ್ನಿಧಾನಕ್ಕೆ

ಅಮೆರಿಕದ ಸುಪ್ರೀಂ ಕೋರ್ಟಿನ ದಿವಂಗತ ನ್ಯಾಯಮೂರ್ತಿ ಜಾರ್ಜ್ ಸದರ್ಲೆಂಡ್ ಅವರಿಗೆ ಕರ್ನಾಟಕದಿಂದ ಸಾಷ್ಟಾಂಗ ನಮಸ್ಕಾರ. ಉಭಯ ಕುಶಲೋಪರಿ ಸಾಂಪ್ರತ.

ತಾವು ತೀರಿಕೊಂಡು ಎಂಟು ದಶಕ ದಾಟಿದರೂ ತಮ್ಮ ಮೇಲಿನ ಬೆರಗು ತೀರಿಲ್ಲ. ಯಾರು ಬಿಳಿಯರು ಎಂಬ ಕಗ್ಗಂಟನ್ನು ಮೂರೇ ತಿಂಗಳಲ್ಲಿ ಎರಡು ಬಗೆಯಾಗಿ ಬಿಡಿಸಿದ ಇನ್ನೊಬ್ಬ ನ್ಯಾಯಾಧೀಶರನ್ನು ನಾವು ಕಂಡಿಲ್ಲ.

ಹೊರಗಿನಿಂದ ಬಂದು ಪೌರತ್ವ ಬೇಡುವವನು ‘ಸ್ವತಂತ್ರ ಬಿಳಿಯ ವ್ಯಕ್ತಿ’ ಆಗಿರಬೇಕೆಂದು ತಮ್ಮ ದೇಶ 1790ರಲ್ಲೇ ಬರೆದಿಟ್ಟಿತ್ತು. 1870ರಲ್ಲಿ ಆಫ್ರಿಕನ್ ಮೂಲದವರನ್ನು ಸೇರಿಸಿಕೊಂಡಿತು. 1882ರಲ್ಲಿ ಚೀನೀ ಕೂಲಿಗಳಿಗೆ ಬಾಗಿಲು ಹಾಕಿತು. ಬಿಳಿ ಎಂದರೇನು ಎಂದು ಮಾತ್ರ ಕಾನೂನಿನಲ್ಲಿ ಇರಲಿಲ್ಲ. ಆ ಪುಣ್ಯ ತಮ್ಮ ಪಾಲಿಗೆ ಬಂತು.

1922ರ ನವೆಂಬರಿನಲ್ಲಿ ಜಪಾನಿನ ತಕಾವೊ ಒಜಾವಾ ಬಂದರು. ಚರ್ಮದ ಬಣ್ಣ ಲೆಕ್ಕಕ್ಕಿಲ್ಲ, ಬಿಳಿಯನೆಂದರೆ ಕಕೇಸಿಯನ್ ಜನಾಂಗದವನು ಎಂದು ಅವರನ್ನು ಕಳಿಸಿದಿರಿ. 1923ರ ಫೆಬ್ರವರಿಯಲ್ಲಿ ಪಂಜಾಬಿನ ಭಗತ್ ಸಿಂಗ್ ಥಿಂಡ್ ಬಂದರು, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಗೆ ಸೇರಿದ್ದವರು. ಜನಾಂಗಶಾಸ್ತ್ರದ ಪ್ರಕಾರ ತಾನು ಕಕೇಸಿಯನ್ನೇ ಎಂದು ತಮ್ಮ ಮಾತನ್ನೇ ತಮ್ಮ ಮುಂದಿಟ್ಟರು. ತಾವು ಕೂಡಲೇ ಶಾಸ್ತ್ರವನ್ನು ಅಟ್ಟಕ್ಕೆ ಹಾಕಿ, ‘ಸಾಮಾನ್ಯ ಮನುಷ್ಯನ ತಿಳಿವಳಿಕೆ’ಯನ್ನು ಸಾಕ್ಷಿಗೆ ಕರೆದಿರಿ. ಆ ಸಾಮಾನ್ಯ ಮನುಷ್ಯನ ಹೆಸರು, ವಿಳಾಸ ತೀರ್ಪಿನಲ್ಲಿಲ್ಲ. ಪಾಟೀಸವಾಲಿಗೂ ಅವನು ಸಿಗಲಿಲ್ಲ.

ನಮ್ಮವರ ಜಾಣತನವನ್ನೂ ಹೇಳಿಬಿಡಬೇಕು. ಥಿಂಡ್ ಸಿಖ್ಖರು, ಕೋರ್ಟಿನ ಕಡತದಲ್ಲಿ ಮಾತ್ರ ‘ಮೇಲ್ಜಾತಿಯ ಹಿಂದೂ’. ಜಾತಿ ಬಿಟ್ಟು ಮದುವೆಯಾಗದ್ದರಿಂದ ನಮ್ಮ ಆರ್ಯರಕ್ತ ಕೆಟ್ಟಿಲ್ಲ, ಸಂಬಂಧ ಬೆಳೆಸುವ ವಿಷಯದಲ್ಲಿ ಮೇಲ್ಜಾತಿಯವರು ಇಲ್ಲಿನ ಮೂಲನಿವಾಸಿಗಳನ್ನು ಕಾಣುವುದೂ ಅಮೆರಿಕನ್ನರು ನೀಗ್ರೋಗಳನ್ನು ಕಂಡಂತೆಯೇ ಎಂದು ಅವರ ಪರವಾಗಿ ವಾದ ಹೂಡಲಾಯಿತು. ಸಮುದ್ರ ದಾಟಿದರೆ ಜಾತಿ ಕೆಡುತ್ತದೆಂದು ಹೆದರುತ್ತಿದ್ದ ನಮ್ಮ ಹಿರಿಯರು ಇದನ್ನು ಓದಿದ್ದರೆ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದರು. ತಾವು ಆ ಜಾತಿಗೂ ಕಿಮ್ಮತ್ತು ಕೊಡಲಿಲ್ಲ.

ಮುಂದೆ, ಆಗಲೇ ಪೌರರಾಗಿದ್ದ ಹತ್ತಾರು ಭಾರತೀಯರಿಂದ ಸರ್ಕಾರ ಪೌರತ್ವ ಕಿತ್ತುಕೊಂಡಿತು. ಸ್ಯಾನ್ ಫ್ರಾನ್ಸಿಸ್ಕೊದ ವ್ಯಾಪಾರಿ ವೈಷ್ಣೋ ದಾಸ್ ಬಗಾಯಿ ಪೌರತ್ವವನ್ನೂ ಅಂಗಡಿಯನ್ನೂ ಕಳೆದುಕೊಂಡು 1928ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಅದಕ್ಕೆ ತಮಾಷೆಯ ಮಾತು ನನ್ನಲ್ಲಿಲ್ಲ.

ಅಂದ ಹಾಗೆ, ತಾವು ಹುಟ್ಟಿದ್ದು ಇಂಗ್ಲೆಂಡಿನ ಬಕಿಂಗ್‌ಹ್ಯಾಮ್‌ಶೈರ್‌ನಲ್ಲಿ. ಯೂಟಾಕ್ಕೆ ಬಂದಾಗ ಇನ್ನೂ ಕೂಸು. ಆ ನೆಲದ ಮೂಲನಿವಾಸಿಗಳೆಲ್ಲರಿಗೂ ಪೌರತ್ವ ಸಿಕ್ಕಿದ್ದು ತಮ್ಮ ತೀರ್ಪಿನ ಮರುವರ್ಷ, 1924ರಲ್ಲಿ. ಬಹುಶಃ ಅವರ ದಾಖಲೆ ಸರಿಯಿರಲಿಲ್ಲ.

ಮಾಜಿ ಯೋಧರಿಗೆಂದು ಬಂದ ಕಾನೂನು ಹಿಡಿದು ಥಿಂಡ್ 1936ರಲ್ಲಿ ಕೊನೆಗೂ ಪೌರರಾದರು. 1946ರಲ್ಲಿ ಭಾರತೀಯರ ವಲಸೆಗೆ ವರ್ಷಕ್ಕೆ 100 ಜಾಗ ಮಂಜೂರಾಯಿತು. ನಮ್ಮಲ್ಲಿ ಒಂದು ಮದುವೆಯ ಮೊದಲ ಪಂಕ್ತಿಗೇ ಅಷ್ಟು ಎಲೆ ಬೇಕು. 1965ರಲ್ಲಿ ರಾಷ್ಟ್ರಮೂಲದ ಕೋಟಾವನ್ನೇ ತೆಗೆದರು. ಈಗ ಬಣ್ಣ, ರಕ್ತ ಯಾರೂ ಕೇಳುವುದಿಲ್ಲ. ಮಿತಿಯಿರುವ ಗ್ರೀನ್ ಕಾರ್ಡುಗಳಲ್ಲಿ ಒಂದು ದೇಶಕ್ಕೆ ಸಾಮಾನ್ಯವಾಗಿ ಶೇ. 7ಕ್ಕಿಂತ ಹೆಚ್ಚು ಪಾಲಿಲ್ಲ, ಅಷ್ಟೆ. ಭಾರತಕ್ಕೂ ಏಳು, ಐಸ್‌ಲ್ಯಾಂಡಿಗೂ ಏಳು. ಎಂಥ ಸಮದೃಷ್ಟಿ! ಬೆಂಗಳೂರಿನಿಂದ ಹೋದ ಇಂಜಿನಿಯರಪ್ಪಂದಿರು, ಅಲ್ಲೇ ಹುಟ್ಟಿದ ಮಗಳಿಗೆ 21 ತುಂಬಿ ಅವಳೇ ಅಪ್ಪನಿಗಾಗಿ ಅರ್ಜಿ ಹಾಕುವುದು ಬೇಗವೋ, ತಮ್ಮ ಸರತಿ ಬರುವುದು ಬೇಗವೋ ಎಂದು ಕೂಡಿ ಕಳೆಯುತ್ತಿದ್ದಾರೆ.

ಒಂದೇ ಅರಿಕೆ. ಆ ಸಾಮಾನ್ಯ ಮನುಷ್ಯ ಅಲ್ಲೆಲ್ಲಾದರೂ ಸಿಕ್ಕರೆ ಈ ಏಳರ ಲೆಕ್ಕವನ್ನು ಕೇಳಿ ತಿಳಿಸುವುದು. ಅವಸರವೇನಿಲ್ಲ, ನಮ್ಮವರು ಇನ್ನೂ ಬಹಳ ಕಾಲ ಸಾಲಿನಲ್ಲೇ ಇರುತ್ತಾರೆ.

ಇಂತಿ ತಮ್ಮ ವಿಧೇಯ,
ಸಾಮಾನ್ಯರ ಪಟ್ಟಿಗೆ ಸೇರದ ಒಬ್ಬ