ಇಸ್ವಾಣದ ಧ್ಯಾನ

ಕಾರವಾರದ ಮೀನೂಟದ ಹೋಟೆಲಿನಲ್ಲಿ, ಭಾನುವಾರ ಮಧ್ಯಾಹ್ನ ಒಂದೂವರೆಯ ಹೊತ್ತಿಗೆ, ಕಣ್ಣು ಮುಚ್ಚಿಕೊಂಡು ಉಣ್ಣುವುದಕ್ಕೆ ಧೈರ್ಯ ಬೇಕು. ನೀವು ಕೂತ ಕುರ್ಚಿಯ ಹಿಂದೆ ಒಬ್ಬ ನಿಂತಿರುತ್ತಾನೆ. ಅವನ ಹಿಂದೆ ಅವನ ಹೆಂಡತಿ, ಅವಳ ಹಿಂದೆ ಹುಬ್ಬಳ್ಳಿಯಿಂದ ಸಮುದ್ರ ನೋಡಲು ಬಂದ ಒಂದಿಡೀ ಟೆಂಪೊ. ನಿಮ್ಮ ತಟ್ಟೆಯಲ್ಲಿ ಇನ್ನೆಷ್ಟು ಅನ್ನ ಉಳಿದಿದೆ ಎಂಬ ಲೆಕ್ಕ ನಿಮಗಿಂತ ಅವರಿಗೇ ಚೆನ್ನಾಗಿ ಗೊತ್ತು. ಸೋಲಕಡಿಯ ಲೋಟ ಎತ್ತಿದಿರೋ, ಕುರ್ಚಿಯ ಬೆನ್ನಿನ ಮೇಲೆ ಒಂದು ಕೈ ಬಂದು ಕೂರುತ್ತದೆ. ಇಂಥ ಜಾಗದಲ್ಲಿ ನಾನು ಇಸ್ವಾಣ ಮೀನಿನ ಒಂದು ಚೂರನ್ನು ಬಾಯಿಗಿಟ್ಟುಕೊಂಡು ಸಮಾಧಿಗೆ ಹೋದೆ. ಅದಕ್ಕೆ ಕಾರಣ ಜಪಾನಿನ ದನ.

ಅಕ್ಕನ ಮಗ ಕೋಬೆಯಲ್ಲಿ ಎಂಜಿನಿಯರು. ಚೌತಿಗೆಂದು ಅಂಕೋಲೆಗೆ ಬಂದಿದ್ದ. ಚೌತಿಯ ಹೊತ್ತಿಗೆ ನಮ್ಮ ಕಡೆಯ ನಾಲಿಗೆಗಳು ಯಾವ ಸ್ಥಿತಿಯಲ್ಲಿರುತ್ತವೆಂದು ನಿಮಗೆ ಗೊತ್ತೇ ಇದೆ. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯಬಾರದೆಂದು ಸರ್ಕಾರದ ಕಟ್ಟಪ್ಪಣೆ. ಮೀನು ಮರಿ ಮಾಡುವ ಕಾಲ. ಒಣ ಬಂಗಡೆ, ಹೊಳೆಯ ಚಿಪ್ಪಿಕಲ್ಲು ಅಂತ ಹೇಗೋ ದಿನ ದೂಡಿ, ಇನ್ನೇನು ಬೋಟುಗಳು ಹೊರಟವು ಎನ್ನುವಷ್ಟರಲ್ಲಿ ಶ್ರಾವಣ ಬಂದು ಹೊಸ್ತಿಲಲ್ಲಿ ಕೂತಿರುತ್ತದೆ. ಬೈತಖೋಲ ಬಂದರಿನಲ್ಲಿ ಬುಟ್ಟಿಗಟ್ಟಲೆ ಮೀನು ಇಳಿಯುವಾಗ ಅಕ್ಕ ಹೀರೆಕಾಯಿ ಹೆಚ್ಚುತ್ತಿರುತ್ತಾಳೆ. ಸರ್ಕಾರಕ್ಕೂ ಪಂಚಾಂಗಕ್ಕೂ ಒಳಗೊಳಗೇ ಏನೋ ಒಪ್ಪಂದವಿದೆ ಎಂಬುದು ನನ್ನ ಬಹುಕಾಲದ ಗುಮಾನಿ.

ಹಾಗಂತ ಚೌತಿಯ ಊಟಕ್ಕೆ ಹೆಸರಿಡುವ ಪಾಪಿ ನಾನಲ್ಲ. ತಲೆಯ ಮೇಲೆ ಫಲಾವಳಿ ತೂಗುತ್ತಿರುತ್ತದೆ. ಅರಿಶಿನದೆಲೆ ಬಿಡಿಸಿದರೆ ಪಾತೋಳಿಯ ಆವಿ ಮುಖಕ್ಕೆ ಬಡಿಯುತ್ತದೆ. ನೇವರಿ ಇದೆ, ಕಡಲೆಬೇಳೆ ಬೆಲ್ಲದ ಮಣಗಣೆ ಇದೆ. ನನ್ನ ತಕರಾರು ಇರುವುದು ಖತಖತೆಯ ಬಗ್ಗೆ ಮಾತ್ರ. ಸಂತೆಯಲ್ಲಿ ಸಿಕ್ಕ ತರಕಾರಿಗಳನ್ನೆಲ್ಲ ಒಂದೇ ಪಾತ್ರೆಗೆ ಸೇರಿಸಿ, ತೆಂಗಿನಕಾಯಿ ಅರೆದು ಹಾಕಿ, ಎಲ್ಲ ಸಾತ್ವಿಕವಾಗಿ ಕುದಿಯುತ್ತಿರುವಾಗ ಕೊನೆಗೆ ಜಜ್ಜಿ ಹಾಕುವುದು ಏನನ್ನು? ತಿರ್ಫಳವನ್ನು! ಬಂಗಡೆ ಸಾರಿಗೆ ಬೀಳುವ ಅದೇ ಜುಮ್ಮನಕಾಯಿಯನ್ನು! ಕಣ್ಣು ಗಣಪತಿಯನ್ನು ನೋಡುತ್ತದೆ, ಮೂಗು ಬಂಗಡೆಯನ್ನು ನೆನೆಯುತ್ತದೆ. ತಿಂಗಳಿಡೀ ವ್ರತ ಹಿಡಿದವನನ್ನು ಕಡೇ ದಿನ ಹೀಗೆ ಕೆಣಕುವುದು ನ್ಯಾಯವೇ ಎಂದು ಅಕ್ಕನನ್ನು ಕೇಳಿದೆ. "ಮೂಗು ಮುಚ್ಕಂಡು ಉಣ್ಣು" ಅಂದಳು.

ಅವತ್ತು ರಾತ್ರಿ ಗಣಪತಿಯ ಎದುರು ಜಾಗರಣೆಗೆ ಕೂತಾಗ ಅಳಿಯ ನನ್ನ ಕಿವಿಗೆ ಬಾಯಿ ತಂದ. "ಮಾಮಾ, ಅಮ್ಮಂಗೆ ಹೇಳ್ಬೇಡ. ನಾನು ಅಲ್ಲಿ ವಾಗ್ಯು ತಿಂದೆ, ದನದ ಮಾಂಸ." ನಾನು ಗಾಬರಿಯಿಂದ ಗಣಪತಿಯ ಕಡೆ ನೋಡಿದೆ. ಅವನ ಕಿವಿ ಅಷ್ಟು ದೊಡ್ಡದಿರುವಾಗ ಪಿಸುಗುಟ್ಟಿ ಏನು ಪ್ರಯೋಜನ?

ಅಳಿಯ ಶುರು ಮಾಡಿದ. ಅಲ್ಲಿ ಮಾಂಸಕ್ಕೆ ದರ್ಜೆಯಿದೆಯಂತೆ. ಎಲ್ಲಕ್ಕಿಂತ ಮೇಲಿನದು ಎ-5. ಕೆಂಪು ಮಾಂಸದ ನಡುವೆ ಬಿಳಿ ಕೊಬ್ಬಿನ ಗೆರೆಗಳು ಎಷ್ಟು ನವಿರಾಗಿ ಹರಡಿವೆ ಎಂದು ನೋಡಿ 1ರಿಂದ 12ರ ತನಕ ಅಂಕ ಕೊಡುತ್ತಾರೆ. ಕೋಬೆಯ ಹೆಸರು ಹಚ್ಚಿಕೊಳ್ಳಬೇಕಾದರೆ ದನ ತಾಜಿಮಾ ತಳಿಯದಾಗಿರಬೇಕು, ಹ್ಯೋಗೊ ಪ್ರಾಂತದಲ್ಲೇ ಹುಟ್ಟಿ ಬೆಳೆದಿರಬೇಕು, ಅಂಕ 6ಕ್ಕೆ ಕಡಿಮೆ ಇರಬಾರದು. ಪ್ರತಿ ದನಕ್ಕೂ ಹತ್ತಂಕಿಯ ಗುರುತಿನ ಸಂಖ್ಯೆ, ಮೇಲಿಂದ ಮೂಗಿನ ಅಚ್ಚು. ನಮ್ಮ ಹೆಬ್ಬೆಟ್ಟಿನಂತೆ ದನದ ಮೂಗಿನ ಗೆರೆಗಳೂ ಒಂದರಂತೆ ಇನ್ನೊಂದಿರುವುದಿಲ್ಲವಂತೆ. ನನ್ನ ಜಮೀನಿನ ಪಹಣಿಗೂ ಇಷ್ಟು ಪಕ್ಕಾ ದಾಖಲೆಯಿಲ್ಲ.

"ಏನದು ಎ ಫೈವು?" ಒಳಗಿನಿಂದ ಅಕ್ಕನ ದನಿ.

"ಆಫೀಸಿನ ಗ್ರೇಡು, ಅಮ್ಮಾ."

"ಐದಕ್ಕೇ ನಿಲ್ಸಬೇಡ. ಹತ್ತು ತಗಂಡು ಬಾ."

ಆಮೇಲೆ ಅಳಿಯ ಹೇಳಿದ ಇತಿಹಾಸ ನನಗೆ ಮಾಂಸಕ್ಕಿಂತ ಹಿಡಿಸಿತು. 675ರಲ್ಲಿ ತೆನ್ಮು ಚಕ್ರವರ್ತಿ ದನ, ಕುದುರೆ, ನಾಯಿ, ಮಂಗ, ಕೋಳಿ ತಿನ್ನಬಾರದೆಂದು ಆಜ್ಞೆ ಹೊರಡಿಸಿದ. ಅದೇ ಆಜ್ಞೆಯಲ್ಲಿ ವರ್ಷದ ನಾಲ್ಕನೇ ತಿಂಗಳಿಂದ ಒಂಬತ್ತನೇ ತಿಂಗಳ ತನಕ ಕೆಲವು ಬಗೆಯ ಮೀನುಗೂಡುಗಳನ್ನು ಒಡ್ಡಬಾರದೆಂದೂ ಇತ್ತು. ನೋಡಿ, ಅಲ್ಲಿಯೂ ಮೀನುಗಾರಿಕೆ ರಜೆ! ಅಲ್ಲಿಂದ ಬೌದ್ಧ ಧರ್ಮದ ನೆರಳಿನಲ್ಲಿ ದನದ ಮಾಂಸ ಬಹುಮಟ್ಟಿಗೆ ದೂರವೇ ಉಳಿಯಿತು. ಕದ್ದು ತಿನ್ನುವವರು ಔಷಧಿಯೆಂದು ಹೇಳಿ ತಿನ್ನುತ್ತಿದ್ದರು. ನಮ್ಮೂರಲ್ಲೂ ಶ್ರಾವಣ ಬಂದ ಕೂಡಲೇ ಕೆಲವರಿಗೆ ಡಾಕ್ಟರು ಮೊಟ್ಟೆ ಬರೆದುಕೊಡುತ್ತಾರಲ್ಲ, ಹಾಗೆ. ಕಡೆಗೆ 1872ರಲ್ಲಿ ಮೇಜಿ ಚಕ್ರವರ್ತಿ ತಾನೇ ಗೋಮಾಂಸ ತಿಂದು ಅದು ಜನರಿಗೆ ಗೊತ್ತಾಗುವಂತೆ ಮಾಡಿದ ಮೇಲೆ ಊರೆಲ್ಲ ಬಾಯಿ ಬಿಟ್ಟಿತು.

ನನಗೆ ಅಲ್ಲೇ ಜ್ಞಾನೋದಯವಾಯಿತು. ಒಂದು ತಿಂಗಳ ಶ್ರಾವಣ ಮುಗಿಸಿದ ನಮಗೇ ಇಸ್ವಾಣ ಇಷ್ಟು ರುಚಿಸಿದರೆ, ಹೆಚ್ಚುಕಡಿಮೆ 1200 ವರ್ಷದ ಶ್ರಾವಣ ಮುಗಿಸಿ ಎದ್ದವರಿಗೆ ದನ ಎಷ್ಟು ರುಚಿಸಿರಬೇಡ! ರುಚಿ ಇರುವುದು ಕೊಬ್ಬಿನ ಗೆರೆಯಲ್ಲಲ್ಲ, ಬಿಟ್ಟುಕೂತ ದಿನಗಳಲ್ಲಿ. ಈ ಸಿದ್ಧಾಂತವನ್ನು ಗಣಪತಿಯ ಸಾಕ್ಷಿಯಾಗಿ ಅಳಿಯನಿಗೆ ಬೆಳಗಿನ ತನಕ ಬೋಧಿಸಿದೆ. ಅವನು ಜಾಗರಣೆಯನ್ನು ನಿದ್ದೆಯಲ್ಲೇ ಮುಗಿಸಿದ.

ವಿಸರ್ಜನೆಯಾಯಿತು. ಬಂದ ಭಾನುವಾರವೇ ಅಂಕೋಲೆಯಿಂದ ಸುಮಾರು 35 ಕಿಲೋಮೀಟರು ಕಾರು ಓಡಿಸಿಕೊಂಡು ಕಾರವಾರಕ್ಕೆ ಹೋದೆವು. ಸಿದ್ಧಾಂತವನ್ನು ಪ್ರಯೋಗಕ್ಕೆ ಇಳಿಸಬೇಕಿತ್ತು. ಹೋಟೆಲಿನ ಬಾಗಿಲಲ್ಲೇ 'ಪಾರಂಪರಿಕ ಹಬ್ಬದ ತಿನಿಸು' ಎಂಬ ಬೋರ್ಡು. ತರಿಸಿದೆವು. ಪಾತೋಳಿಯ ನೆತ್ತಿಯ ಮೇಲೆ ಐಸ್‌ಕ್ರೀಮು ಇಟ್ಟಿದ್ದರು. ಪಕ್ಕದ ಮೇಜಿನ ಪ್ರವಾಸಿಯೊಬ್ಬರು ಅದನ್ನು ಅರಿಶಿನದೆಲೆ ಸಮೇತ ಅಗಿಯುತ್ತಿದ್ದರು. ಬಡಿಸಿದ ಹುಡುಗ ಭಕ್ತಿಯಿಂದ ನೋಡುತ್ತಿದ್ದ. ಪರಂಪರೆಯನ್ನು ಮಾರುವವರು ಎಲೆ ಬಿಚ್ಚಬೇಕೆಂದಾದರೂ ಹೇಳಬಾರದೇ? ಸಿಟ್ಟು ಬಂತು. ಮೀನು ಬರುವುದಿತ್ತು, ನುಂಗಿಕೊಂಡೆ.

"ಇಸ್ವಾಣ ಒಂದು. ರವಾ ಬೇಡ, ಮಸಾಲೆ ಬೇಡ. ಉಪ್ಪು ಸವರಿ ಕಾವಲಿಯ ಮೇಲೆ ಸುಟ್ಟು ತಾ" ಅಂದೆ.

ಹುಡುಗ ಕನಿಕರದಿಂದ ಕೇಳಿದ: "ಯಾರಿಗೆ ಹುಷಾರಿಲ್ಲ?"

ಬಂತು. ಅಳಿಯ ತರಬೇತಿ ಕೊಟ್ಟ. ಎ-5 ಮಾಂಸವನ್ನು ಹೊಟ್ಟೆ ತುಂಬ ತಿನ್ನುವುದಿಲ್ಲ ಮಾಮಾ, ಸಣ್ಣ ಚೂರು, ಎರಡು ಹರಳು ಉಪ್ಪು, ನಾಲಿಗೆಯ ಮೇಲಿಟ್ಟು ಕಣ್ಣು ಮುಚ್ಚಬೇಕು, ಅಗಿಯಬಾರದು, ಮಾತಾಡಬಾರದು, ಕರಗುವ ತನಕ ಕಾಯಬೇಕು. ಮೊಬೈಲು ಎತ್ತಿ ಹಿಡಿದ. ನಾನು ಬೆನ್ನು ನೆಟ್ಟಗೆ ಮಾಡಿ ಕೂತು ಚೂರನ್ನು ನಾಲಿಗೆಯ ಮೇಲಿಟ್ಟು ಕಣ್ಣು ಮುಚ್ಚಿದೆ.

ಮೊದಲು ಉಪ್ಪು ಬಂತು. ಅದರ ಹಿಂದೆ ಎಣ್ಣೆ. ಎಣ್ಣೆಯ ಹಿಂದೆ ಮೀನಿನ ಸಿಹಿ ಇನ್ನೇನು ಬರಬೇಕು, ಅಷ್ಟರಲ್ಲಿ ಕುರ್ಚಿಯ ಬೆನ್ನು ಅಲುಗಿತು.

"ಇವ್ರು ಏಳ್ತಾರೋ, ಏಳಿಸ್ಬೇಕೋ?" ಹಿಂದೆ ನಿಂತವನ ಪ್ರಶ್ನೆ. ಅವನ ಹೆಲ್ಮೆಟ್ಟು ನನ್ನ ಭುಜಕ್ಕೆ ತಾಗುತ್ತಿತ್ತು.

"ಏನಾಯ್ತ್ರಾ?" ಇದು ಎದುರಿನ ಬೆಂಚಿನ ಅಜ್ಜ. "ಮುಳ್ಳು ಸಿಕ್ತು ಕಾಣ್ತದೆ."

ಇಲ್ಲವೆಂದು ತಲೆಯಾಡಿಸಿದೆ. ಬಾಯಿ ಬಿಡುವಂತಿಲ್ಲವಲ್ಲ. ತಲೆಯಾಡಿಸಿದ್ದನ್ನು ಅವರು ಸಂಕಟವೆಂದು ತಿಳಿದರು. "ಉತ್ತರ ಕೊಡೂಕೂ ಆಗ್ತಿಲ್ಲ ನೋಡು!" ಒಂದು ಹೆಣ್ಣು ದನಿ. ಅಡುಗೆಮನೆಯ ಕಡೆಗೆ ಯಾರೋ ಓಡಿದ ಸದ್ದು. ಆಗ ಹೆಲ್ಮೆಟ್ಟಿನವನು ಶಾಸ್ತ್ರಕ್ಕಿಳಿದ: "ಇಸ್ವಾಣದಲ್ಲಿ ಮುಳ್ಳೆಲ್ಲಿ ಅಜ್ಜಾ? ನಡುವೆ ಒಂದು ಎಲುಬು, ಅಷ್ಟೇ. ಸಣ್ಣ ಮುಳ್ಳಿರೋದು ತಾರ್ಲೆಗೆ." "ನಲವತ್ತು ವರ್ಷ ಬಲೆ ಎಳ್ದವ್ನಿಗೆ ಮೀನು ಕಲಿಸ್ತ್ಯಾ?" ಅಂದ ಅಜ್ಜ. "ಮುಳ್ಳಲ್ಲ ಅಂದ್ರೆ ಮತ್ತೆಂತದು?" "ಹಾರ್ಟು." ಈ ಶಬ್ದ ಬಿದ್ದದ್ದೇ ತಡ, ಹೋಟೆಲಿನಲ್ಲಿ ಬಟ್ಟಲುಗಳ ಸದ್ದು ನಿಂತಿತು.

ಈಗ ನನ್ನ ಸ್ಥಿತಿ ಯೋಚಿಸಿ. ಕಣ್ಣು ತೆರೆದರೆ ನಲವತ್ತು ಜನರ ಮುಖ ನೋಡಬೇಕು. ನೋಡಿ, ನಾನು ಮೀನಿನ ಕೊಬ್ಬನ್ನು ಧ್ಯಾನಿಸುತ್ತಿದ್ದೆ ಅಂತ ವಿವರಿಸಬೇಕು. ಅದಕ್ಕಿಂತ ಹಾರ್ಟೇ ಗೌರವ. ರೆಪ್ಪೆಗಳನ್ನು ಇನ್ನೂ ಬಿಗಿದೆ. ಒಳಗಿನಿಂದ ನಗು ಉಕ್ಕಿ ಬಂತು. ಬಾಯಿ ಮುಚ್ಚಿದ್ದರಿಂದ ಅದು ಕಣ್ಣಿಂದ ನೀರಾಗಿ ಇಳಿಯಿತು. "ಅಳ್ತಿದ್ದಾರೆ!" ಅಂದಳು ಆ ಹೆಣ್ಣುಮಗಳು. "ಮಕ್ಕಳಿಗೆ ಫೋನ್ ಮಾಡ್ರೋ!" ನನ್ನ ಸ್ವಂತ ಅಳಿಯ ಎದುರಿಗೇ ಮೊಬೈಲು ಹಿಡಿದು ಇದನ್ನೆಲ್ಲ ಚಿತ್ರೀಕರಿಸುತ್ತಿದ್ದ. "ಮುದುಕ ಸಾಯ್ತಿದ್ರೆ ವಿಡಿಯೊ ಮಾಡ್ತ್ಯಲ್ಲೋ" ಎಂದು ಯಾರೋ ಅವನಿಗೆ ಛೀಮಾರಿ ಹಾಕಿದರು. ಇಷ್ಟೆಲ್ಲದರ ನಡುವೆ ನಾನು ಕೊನೆಯ ನಿಷ್ಠೆಯಿಂದ ನಾಲಿಗೆಯ ತುದಿಯಲ್ಲಿ ಹುಡುಕಿದೆ. ಬಂತು. ನಿಜಕ್ಕೂ ಬಂತು. ತಣ್ಣಗೆ, ನಿಧಾನವಾಗಿ, ಬೆಣ್ಣೆಯೂ ಅಲ್ಲದ ಕಡಲೂ ಅಲ್ಲದ ಒಂದು ಸಿಹಿ ಗಂಟಲ ಕಡೆಗೆ ಸರಿಯತೊಡಗಿತು.

ಅದೇ ಗಳಿಗೆಗೆ ಗಲ್ಲೆಯಿಂದ ಎದ್ದು ಬಂದ ಮಾಲೀಕರು ಬೆನ್ನಿಗೆ ಒಂದು ಗುದ್ದು ಬಿಟ್ಟರು. ಇಸ್ವಾಣ ಕರಗದೆ, ಅಗಿಯದೆ, ಇಡಿಯಾಗಿ ಹೊಟ್ಟೆಗೆ ಇಳಿಯಿತು. ಬಾಯಿ ತೆರೆದದ್ದೇ ಹುಡುಗ ಬರೀ ಅನ್ನದ ಉಂಡೆ ತುರುಕಿದ, ಅಜ್ಜ ಅದರ ಹಿಂದೆ ಅರ್ಧ ಬಾಳೆಹಣ್ಣು ಇಟ್ಟ. ಕಣ್ಣು ತೆರೆದೆ. ಜನ ಚಪ್ಪಾಳೆ ತಟ್ಟಿದರು. ನಾನು ಗಾಳಿಗೆಂದು ಎದ್ದು ನಿಂತೆ. ತಿರುಗಿ ನೋಡುವಾಗ ಹೆಲ್ಮೆಟ್ಟಿನವನು ನನ್ನ ಕುರ್ಚಿಯಲ್ಲಿ ಕೂತು ಶೆಟ್ಲಿ ಫ್ರೈ ಹೇಳುತ್ತಿದ್ದ. ಕೋಬೆಯವರು ಇಂಥ ಇಸ್ವಾಣಕ್ಕೆ ಎಷ್ಟು ಅಂಕ ಕೊಡುತ್ತಿದ್ದರೋ!

ಈ ಕಥೆಯನ್ನು ಕಾರವಾರದಲ್ಲೇ ಇರುವ ಹೈಸ್ಕೂಲು ಗೆಳೆಯನಿಗೆ ಅಭಿನಯ ಸಮೇತ ಹೇಳಿದೆ. ಅವನು ಕ್ರೈಸ್ತ. ಚೌತಿಗೆ ನಮ್ಮ ಮನೆಯ ನೇವರಿ ಅವನ ಮನೆಗೆ ಹೋಗುತ್ತದೆ, ಕ್ರಿಸ್‌ಮಸ್ಸಿಗೆ ಅವನ ಮನೆಯ ನೇವರಿ ನಮ್ಮ ಮನೆಗೆ ಬರುತ್ತದೆ. ಬಿದ್ದು ಬಿದ್ದು ನಕ್ಕ. ಆ ಹುರುಪಿನಲ್ಲಿ ನಾನು ಬಿಟ್ಟುಕೂತವನ ನಾಲಿಗೆಯ ಸಿದ್ಧಾಂತವನ್ನೂ ಹೇಳಿದೆ. ಅವನು ಕನ್ನಡಕ ಒರೆಸಿಕೊಂಡು, "ನೀನು ಬಿಟ್ಟದ್ದು ನೀನೇ ಬಿಟ್ಟದ್ದು. ನಮ್ಮದು ಬಿಡಿಸಿದ್ದು" ಅಂದ. ಜಾನುವಾರು ಹತ್ಯೆ ತಡೆಯುವ ಕಾಯ್ದೆ 2021ರ ಜನವರಿಯಲ್ಲಿ ಜಾರಿಗೆ ಬಂದ ಮೇಲೆ ಅವನ ತಾಯಿಯ ಕಾಲದಿಂದ ಬಂದ ಹಬ್ಬದ ರೋಸ್ಟು ಅವರ ಮೇಜಿನಿಂದ ಎದ್ದುಹೋಯಿತು. 15 ಕಿಲೋಮೀಟರು ಆಚೆ, ಪೋಳೆಂ ಗಡಿ ದಾಟಿದರೆ ಅದು ಗೋವಾದ ಹೋಟೆಲಿನ ಮೆನುವಿನಲ್ಲಿದೆ. ಗೋವಾಕ್ಕೂ ಆ ಮಾಂಸ ಮೊದಲೆಲ್ಲ ನಮ್ಮ ರಾಜ್ಯದಿಂದಲೇ ಹೋಗುತ್ತಿತ್ತು. ಇಲ್ಲಿ ಕಾಯ್ದೆ ಬಂದಾಗ ಅಲ್ಲಿ ಕೊರತೆಯಾಗಿ ಅಲ್ಲಿಯ ಸರ್ಕಾರ ದಾರಿ ಹುಡುಕಬೇಕಾಯಿತು. ನಾನು ತಿನ್ನುವವನಲ್ಲ, ನನಗೇನೂ ನಷ್ಟವಿಲ್ಲ. ಆದರೆ ಅವನಿಗೆ ಕೊಡಲು ನನ್ನ ಸಿದ್ಧಾಂತದಲ್ಲಿ ಉತ್ತರವಿರಲಿಲ್ಲ. "ಡಿಸೆಂಬರಿನಲ್ಲಿ ನೇವರಿ ಕಳಿಸ್ತೇನೆ" ಎಂದು ಅವನೇ ಮಾತು ತಿರುಗಿಸಿದ.

ಅಳಿಯ ಹೊರಡುವ ದಿನ ಅಕ್ಕ ಅವನ ಚೀಲಕ್ಕೆ ತಿರ್ಫಳ, ಒಣ ಮುರುಗಲ ಸಿಪ್ಪೆ ತುಂಬುತ್ತಿದ್ದಳು. ತುಂಬುತ್ತಲೇ ಕೇಳಿದಳು: "ಆ ದನದ ಮೂಗಿನ ಅಚ್ಚು ಹೆಂಗೆ ತೆಗಿತಾರೋ? ಮಸಿ ಹಚ್ತಾರಾ?"

ಅಳಿಯನ ಮುಖ ಬಿಳಿಚಿಕೊಂಡಿತು. ನಾನು ಅಂಗಳದ ತೆಂಗಿನಮರದಲ್ಲಿ ಕಾಯಿ ಎಣಿಸತೊಡಗಿದೆ.

"ದೂರದ ದೇಶ. ಅಲ್ಲಿ ಸಿಕ್ಕಿದ್ದು ತಿನ್ಬೇಕು, ಮತ್ತೇನ್ ಮಾಡುಕಾಗ್ತದೆ" ಅಂದಳು ಅಕ್ಕ. "ಆದ್ರೆ ಶ್ರಾವಣದಾಗೆ ಮಾತ್ರ ಮುಟ್ಬೇಡ."

ಜೀವ ಬಂದ ಅಳಿಯ ಎಂಜಿನಿಯರಾದ. "ಅಲ್ಲಿಯ ಗಡಿಯಾರ ಇಲ್ಲಿಗಿಂತ ಮೂರೂವರೆ ತಾಸು ಮುಂದೆ, ಅಮ್ಮಾ. ಯಾವ ಲೆಕ್ಕ ಹಿಡೀಲಿ?"

ಅಲ್ಲಿಯ ಲೆಕ್ಕ ಹಿಡಿದರೆ ಮೂರೂವರೆ ತಾಸು ಮೊದಲೇ ಮುಗಿಯುತ್ತದೆ ಎಂದು ನಾನು ಅವನ ಪರವಾಗಿ ತೀರ್ಪು ಕೊಡಲು ಹೊರಟಿದ್ದೆ. ಅಕ್ಕ ಚೀಲದ ಜಿಪ್ಪು ಎಳೆದಳು.

"ಶುರು ಮಾಡುದು ಅಲ್ಲಿ ಗಡಿಯಾರ ನೋಡಿ. ಮುಗಿಸುದು ಇಲ್ಲಿ ಗಡಿಯಾರ ನೋಡಿ."