ಬ್ಯಾಗ್ ಆಂಟಿ

ನ್ಯೂಜೆರ್ಸಿಯ ಎಡಿಸನ್ ಸುತ್ತಮುತ್ತ ಕನ್ನಡದವರು ನಾಲ್ಕು ಜನ ಸೇರಿದ ಕಡೆ ಬ್ಯಾಗ್ ಆಂಟಿ ಇದ್ದೇ ಇರುತ್ತಾರೆ. ಅಪ್ಪ ಅಮ್ಮ ಇಟ್ಟ ಹೆಸರೊಂದು ಇದೆ, ಅದು ಪಾಸ್‌ಪೋರ್ಟಿಗೆ ಮಾತ್ರ. ಯುಗಾದಿ ಕಾರ್ಯಕ್ರಮದಲ್ಲಿ ನೀವು ಎದುರಾದರೆ ಅವರ ಕಣ್ಣು ಮೊದಲು ನಿಮ್ಮ ಮೊಣಕೈಗೆ ಇಳಿಯುತ್ತದೆ. ಅಲ್ಲಿ ನೇತಾಡುವುದರ ಹಿಡಿ, ಹೊಲಿಗೆ, ಜಿಪ್ಪು ಎಲ್ಲ ನೋಡಿ ಮುಗಿದ ಮೇಲೆಯೇ ಮುಖದ ಸರದಿ. "ಓ, ನೀನೇನೇ! ಊರಿಂದ ಯಾವಾಗ ಬಂದೆ?"

ಇಬೇ ಹರಾಜಿನಲ್ಲಿ ಹಳೆಯ ಲೂಯಿ ವಿಟಾನ್, ಶನೆಲ್ ಬ್ಯಾಗಿಗೆ ಕೈ ಹಾಕುವ ಮುಂಚೆ ಇವರನ್ನೊಂದು ಮಾತು ಕೇಳುವುದು ಆ ಕಡೆಯ ಹೆಂಗಸರಿಗೆ ರೂಢಿ. ಆಂಟಿಯ ತಾತ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಹೋರಿಯ ಹಲ್ಲು ಎಣಿಸಿ, ಸುಳಿ ನೋಡಿ ಬೆಲೆ ಕಟ್ಟುತ್ತಿದ್ದವರಂತೆ. ಮೊಮ್ಮಗಳು ಬ್ಯಾಗಿನ ಬಾಯಿ ಅಗಲಿಸುವುದೂ ಅದೇ ಗತ್ತಿನಲ್ಲಿ. ಕನ್ನಡಕ ಹಣೆಗೇರುತ್ತದೆ, ಮೊಬೈಲಿನ ಟಾರ್ಚು ಹೊತ್ತಿಕೊಳ್ಳುತ್ತದೆ, ಬೆರಳೊಂದು ಒಳಜೇಬಿನ ಮೂಲೆಗೆ ಇಳಿದು ಉಗುರಗಲದ ಚರ್ಮದ ಪಟ್ಟಿಯೊಂದನ್ನು ಹೊರಗೆಳೆಯುತ್ತದೆ. ಅದರ ಮೇಲೆ ಎರಡು ಅಕ್ಷರ, ನಾಲ್ಕು ಅಂಕಿ. ಅಕ್ಷರ ಕಾರ್ಖಾನೆಯದು. 2007ರಿಂದೀಚೆಗಿನ ವಿಟಾನ್ ಆದರೆ ಮೊದಲನೆಯ ಮತ್ತು ಮೂರನೆಯ ಅಂಕಿ ಸೇರಿ ವಾರ, ಎರಡನೆಯದು ನಾಲ್ಕನೆಯದು ಸೇರಿ ವರ್ಷ. ಒಮ್ಮೆ ಒಬ್ಬಾಕೆ ತಂದ ಬ್ಯಾಗಿನಲ್ಲಿ 8167 ಎಂದಿತ್ತು. ಆಂಟಿ ಕನ್ನಡಕ ಇಳಿಸಿದರು. "2017ನೇ ಇಸವಿಯ 86ನೇ ವಾರ. ಇದು ಯಾವ ಪಂಚಾಂಗ ತಾಯಿ? ಅಧಿಕಮಾಸ ಎಷ್ಟು ಸೇರಿಸಿದರೂ ಲೆಕ್ಕ ಸಿಗಲ್ಲ!"

ಹಾಗಂತ ಅಂಕಿ ಸರಿ ಇದ್ದರೆ ಬ್ಯಾಗು ಸರಿ ಅಂತ ಅಲ್ಲ. "ನಕಲಿ ಮಾಡೋರಿಗೂ ಕ್ಯಾಲೆಂಡರ್ ಓದೋಕೆ ಬರುತ್ತೆ. ಕೋಡ್ ತಪ್ಪಿದ್ರೆ ಕಥೆ ಮುಗೀತು, ಸರಿ ಇದ್ರೆ ಕಥೆ ಶುರು." ಆಮೇಲೆ ಮುದ್ರೆಯ ಅಕ್ಷರಗಳಲ್ಲಿ 'ಓ' ಗುಂಡಗಿದೆಯೋ ಮೊಟ್ಟೆಯಾಗಿದೆಯೋ, ಹಿಡಿಯ ಬಣ್ಣವಿಲ್ಲದ ಚರ್ಮ ಬಿಸಿಲು ಕಂಡು ಜೇನಿನ ಬಣ್ಣಕ್ಕೆ ತಿರುಗಿದೆಯೋ ಇಲ್ಲವೋ ಎಂಬ ವಿಚಾರಣೆ. ಶನೆಲ್ ಆದರೆ ಜೋಡಿ 'ಸಿ'ಗಳಲ್ಲಿ ಬಲಗಡೆಯದು ಮೇಲ್ತುದಿಯಲ್ಲಿ ಎಡಗಡೆಯದರ ಮೇಲೆ ಹಾಯಬೇಕು, ಕೆಳತುದಿಯಲ್ಲಿ ಅದರಡಿಗೆ ನುಸುಳಬೇಕು.

ಅರೆಬರೆ ತಿಳಿದವರನ್ನು ಕಂಡರೆ ಆಂಟಿಗೆ ಆಗದು. ವಿಟಾನ್ ಸ್ಪೀಡಿ ಬ್ಯಾಗಿನ ಹಿಂಬದಿಯಲ್ಲಿ ಎಲ್‌ವಿ ತಲೆಕೆಳಗಾಗಿದೆ ಎಂದು ಯಾರಾದರೂ ಮೂಗು ಮುರಿದರೆ ಅವರಿಗೆ ಅಲ್ಲೇ ಪಾಠ: ಅದು ಒಂದೇ ತುಂಡು ಬಟ್ಟೆ, ಮುಂದಿನಿಂದ ತಳ ಸುತ್ತಿ ಹಿಂದಕ್ಕೆ ಹೋಗುತ್ತೆ, ತಲೆಕೆಳಗಾಗದೆ ಇನ್ನೇನಾಗುತ್ತೆ? ಬಟ್ಟೆ ಎಂದದ್ದೇ ಎದುರಿನವರಿಗೆ ಎದೆ ಧಸಕ್ಕೆನ್ನುತ್ತದೆ. "ಲೆದರ್ ಅಲ್ವಾ ಆಂಟಿ?" ಅಲ್ಲ, ಮೇಲೆ ಲೇಪ ಹಚ್ಚಿದ ಕ್ಯಾನ್ವಾಸು. 'ಮೇಡ್ ಇನ್ ಯುಎಸ್ಎ' ಎಂದಿದ್ದರೆ ನಕಲಿ ಎಂದು ಬಿಸಾಡಲು ಹೊರಟವರನ್ನೂ ಅವರು ತಡೆದದ್ದುಂಟು. ಆ ಕಂಪನಿಗೆ ಕ್ಯಾಲಿಫೋರ್ನಿಯಾದಲ್ಲೂ ಟೆಕ್ಸಾಸಿನಲ್ಲೂ ಕಾರ್ಖಾನೆಗಳಿವೆ. ಇನ್ನು 'ಅಸಲಿ ಪ್ರಮಾಣಪತ್ರ' ಎಂಬ ಕಾರ್ಡನ್ನು ಹೆಮ್ಮೆಯಿಂದ ಮುಂದಿಟ್ಟರಂತೂ ಮುಗಿಯಿತು. ವಿಟಾನ್‌ನವರು ಬ್ಯಾಗಿನ ಜೊತೆ ಅಂಥ ಕಾರ್ಡು ಕೊಡುವುದೇ ಇಲ್ಲ.

ಆ ಎಲ್‌ವಿ ಮೊನೋಗ್ರಾಮ್ ಹುಟ್ಟಿದ ಕಥೆ ಹೇಳುವಾಗ ಆಂಟಿಗೆ ಪುರಾಣ ಹೇಳುವ ಹುರುಪು. ಲೂಯಿ ತೀರಿಕೊಂಡ ಮೇಲೆ ಮಗ ಜಾರ್ಜ್ 1896ರಲ್ಲಿ ಅಪ್ಪನ ಹೆಸರಿನ ಅಕ್ಷರ, ಹೂವು ಸೇರಿಸಿ ಆ ವಿನ್ಯಾಸ ಮಾಡಿದ್ದೇ ನಕಲಿಗಳ ಕಾಟ ತಪ್ಪಿಸಲು. "ಈಗ ಲೋಕದಲ್ಲಿ ಅದರಷ್ಟು ನಕಲಾಗೋದು ಇನ್ನೊಂದಿಲ್ಲ. ಮಗ ಅಪ್ಪನ ಹೆಸರು ಉಳಿಸಿದ ಅಂದ್ರೆ ಇದು!" 2008ರಲ್ಲಿ ಪ್ಯಾರಿಸ್ಸಿನ ನ್ಯಾಯಾಲಯ, ನಕಲಿ ಮಾಲು ತಡೆಯಲಿಲ್ಲವೆಂದು ಇಬೇಗೆ ವಿಟಾನ್‌ನ ಒಡೆಯರಿಗೆ ಸುಮಾರು 4 ಕೋಟಿ ಯೂರೊ ಕೊಡಲು ಹೇಳಿದ್ದನ್ನು ಮನೆಯವರದೇ ಜಮೀನು ವ್ಯಾಜ್ಯ ಗೆದ್ದಂತೆ ಹೇಳುತ್ತಾರೆ. ಮೇಲ್ಮನವಿಯಲ್ಲಿ ಆ ಮೊತ್ತ ಇಳಿದದ್ದನ್ನು ಮಾತ್ರ ನುಂಗಿಬಿಡುತ್ತಾರೆ. ಈಗ ಇಬೇಯೇ ದುಬಾರಿ ಬ್ಯಾಗುಗಳನ್ನು ತನ್ನ ಪರೀಕ್ಷಕರಿಗೆ ತೋರಿಸಿ ಆಮೇಲೆ ಕೊಂಡವರಿಗೆ ಕಳಿಸುತ್ತದೆ. "ಕಳಿಸಲಿ. ಆ ಪರೀಕ್ಷಕರನ್ನ ಪರೀಕ್ಷೆ ಮಾಡಿದ್ದು ಯಾರು?" 2021ರಿಂದ ವಿಟಾನ್‌ನವರು ಅಂಕಿ ಅಕ್ಷರ ಕೈಬಿಟ್ಟು ಕಣ್ಣಿಗೆ ಕಾಣದ ಎಲೆಕ್ಟ್ರಾನಿಕ್ ಚಿಪ್ ಇಡತೊಡಗಿದ್ದು ಅವರಿಗೆ ವೈಯಕ್ತಿಕ ಅವಮಾನ.

ರಾತ್ರಿ ಹರಾಜು ಮುಗಿಯುವ ಹೊತ್ತಿಗೆ ಆಂಟಿಯ ಮನೆಯಲ್ಲಿ ಯಾರೂ ಕೆಮ್ಮುವಂತಿಲ್ಲ. ಕೊನೆಯ ಹತ್ತು ಸೆಕೆಂಡಿನಲ್ಲಿ ಬಿಡ್ ಹಾಕುವ ವಿದ್ಯೆಯನ್ನು ಅವರು ಶಿಷ್ಯೆಯರಿಗೆ ಫೋನಿನಲ್ಲೇ ಧಾರೆ ಎರೆಯುತ್ತಾರೆ. "ನೂರಕ್ಕೆ ನೂರು ಅಸಲಿ ಅಂತ ಮೂರು ಸಲ ಬರೆದಿದಾನೆ, ಬಿಡು. ಒಳಜೇಬಿನ ಫೋಟೊ ಕೇಳಿದ್ರೆ ಅಜ್ಜಿಗೆ ಹುಷಾರಿಲ್ಲ ಅಂದಿದಾನೆ, ಬಿಡು. ವಾಪಸ್ ತಗೊಳಲ್ಲ ಅಂದನಾ? ಫೋನ್ ಇಡು, ಮಲಕ್ಕೋ."

ವಿಚಿತ್ರವೆಂದರೆ, ಬ್ಯಾಗೊಂದನ್ನು ಬಿಟ್ಟು ಮಿಕ್ಕ ವಿಷಯಗಳಲ್ಲಿ ಆಂಟಿ ಧಾರಾಳವಾಗಿ ಸುಳ್ಳು ಹೇಳುತ್ತಾರೆ. ಶ್ರುತಿ ತಪ್ಪಿ ಹಾಡಿದ ಮಗುವಿಗೆ "ಸಾಕ್ಷಾತ್ ಸರಸ್ವತಿ", ತಳ ಹಿಡಿದ ಪುಳಿಯೋಗರೆಗೆ "ಮೇಲುಕೋಟೆ ಪ್ರಸಾದ", ಎಂಟು ಕೆಜಿ ಏರಿದವರಿಗೆ "ಇಳಿದು ಹೋಗಿದೀಯಲ್ಲೇ" ಎನ್ನಲು ಅವರಿಗೆ ನಾಲಿಗೆ ತಡವರಿಸುವುದಿಲ್ಲ. ಹೊಲಿಗೆಯ ಮಾತು ಬಂದರೆ ಮಾತ್ರ ಹರಿಶ್ಚಂದ್ರ ಒಳಹೊಕ್ಕುಬಿಡುತ್ತಾನೆ. ಅವರ ಸ್ವಂತದ್ದು ಒಂದೇ, ಹರಾಜಿನಲ್ಲಿ ಗೆದ್ದ ಹಳೆಯ ಸ್ಪೀಡಿ. ಹಿಡಿಯ ಚರ್ಮಕ್ಕೆ ನೀರಿನ ಹನಿ ಬಿದ್ದರೆ ಕಲೆ ಹೋಗದು. ಮಳೆ ಬಂದರೆ ಕೊಡೆ ಬ್ಯಾಗಿಗೆ, ಆಂಟಿ ತೊಪ್ಪೆ.

ಕಲೆಯೆಲ್ಲ ಕೇಡು ಅಂತಲೂ ಅವರು ಒಪ್ಪುವವರಲ್ಲ. 2025ರಲ್ಲಿ ಪ್ಯಾರಿಸ್ಸಿನ ಸದಬೀಸ್ ಹರಾಜಿನಲ್ಲಿ ನಟಿ ಜೇನ್ ಬರ್ಕಿನ್ ಬಳಸಿದ ಮೂಲ ಬರ್ಕಿನ್ ಬ್ಯಾಗು 86 ಲಕ್ಷ ಯೂರೊಗೆ ಹೋಯಿತಲ್ಲ, ಅದರ ತುಂಬ ಗೀರು, ಸ್ಟಿಕ್ಕರ್ ಅಂಟಿದ ಗುರುತು. ಮೇಲಿಂದ ಉಗುರು ಕತ್ತರಿಸುವ ಕ್ಲಿಪ್ಪರ್ ಬೇರೆ ನೇತಾಡುತ್ತಿತ್ತು. "ಅಸಲಿಗೆ ಅಲಂಕಾರದ ಚಿಂತೆ ಇರಲ್ಲ ಕಣೇ" ಎಂದು ಆಂಟಿ ತೀರ್ಪಿತ್ತರು.

ಈ ಹರಿಶ್ಚಂದ್ರತನ ಕಳೆದ ದೀಪಾವಳಿ ಊಟದ ಸಾಲಿನಲ್ಲಿ ಒಂದು ಸಂಸಾರದ ಬುಡಕ್ಕೇ ಬಂತು. ಮುಂದೆ ನಿಂತಿದ್ದ ಸ್ನೇಹಿತೆಯೊಬ್ಬಳ ತೋಳಿನಲ್ಲಿ ವಿಟಾನ್ ನೆವರ್‌ಫುಲ್ ಬ್ಯಾಗು. ಆಂಟಿಯ ಕಣ್ಣು ಇಳಿದದ್ದು ಕಂಡು ಆಕೆಯೇ ಅವಸರದಿಂದ, "ಅಯ್ಯೋ ಇದು ಡೂಪ್ಲಿಕೇಟ್ ಆಂಟಿ, ಫ್ಲೀ ಮಾರ್ಕೆಟ್ಟಲ್ಲಿ 60 ಡಾಲರ್" ಅಂದಳು. ಪಕ್ಕದಲ್ಲಿ ಗಂಡ ತಟ್ಟೆ ಹಿಡಿದು ಬಿಸಿಬೇಳೆಬಾತಿಗೆ ಕಾಯುತ್ತಿದ್ದ.

"ಡೂಪ್ಲಿಕೇಟಾ?" ಆಂಟಿಯ ಕನ್ನಡಕ ಹಣೆಗೇರಿತು. ಸ್ನೇಹಿತೆ ಕಣ್ಣು ಮಿಟುಕಿಸಿದಳು, ಕಾಲು ತುಳಿದಳು. ಅಷ್ಟರಲ್ಲಿ ಬೆರಳು ಒಳಜೇಬಿಗೆ ಇಳಿದಾಗಿತ್ತು. "ಎಸ್‌ಡಿ 1149. 2019ರ 14ನೇ ವಾರ. ಹೊಲಿಗೆ ನೋಡು, ಅಕ್ಷರ ನೋಡು! ಇಂಥ ಮಾಲಿಗೆ ಡೂಪ್ಲಿಕೇಟ್ ಅಂತೀಯಾ? ಇವತ್ತು ಹರಾಜಿಗೆ ಹಾಕಿದ್ರೂ ಸಾವಿರ ಡಾಲರಿಗೆ ಮೋಸವಿಲ್ಲ!"

ಗಂಡ ಬ್ಯಾಗು ನೋಡಿದ, ಹೆಂಡತಿಯನ್ನು ನೋಡಿದ. ಬಡಿಸುವವರು ಸೌಟು ಹಿಡಿದು ಕಾದರೂ ತಟ್ಟೆ ಮುಂದೆ ಬರಲಿಲ್ಲ.

ಆಂಟಿ ಅವನ ಬೆನ್ನು ತಟ್ಟಿದರು. "ಪುಣ್ಯವಂತರು ಕಣ್ರೀ ನೀವು, ಒಂಚೂರೂ ಮೋಸ ಹೋಗಿಲ್ಲ."